ಹಿಂದಿನ ಸೀಟಿನ ಹಕ್ಕು

ಹಾಸನದಿಂದ ಹೊಳೆನರಸೀಪುರ ದಾಟಿ ಮೈಸೂರಿನ ಕಡೆಗೆ ಹೊರಟರೆ ದಾರಿಯಲ್ಲಿ ಹಳ್ಳಿಮೈಸೂರು ಸಿಗುತ್ತದೆ. ಹೆಸರಿನಲ್ಲಿ ಹಳ್ಳಿಯೂ ಉಂಟು, ಮೈಸೂರೂ ಉಂಟು. ಹೊಳೆನರಸೀಪುರ ತಾಲ್ಲೂಕಿನ ಈ ಹೋಬಳಿ ಕೇಂದ್ರದ ರಸ್ತೆಬದಿಯಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತರೆ ಸಾಕು, ಮೋಟಾರು ಸೈಕಲ್ಲೆಂಬ ವಾಹನ ಏನೇನನ್ನು ಹೊರಬಲ್ಲದು ಎಂಬುದು ತಿಳಿಯುತ್ತದೆ. ಡೇರಿಗೆ ಹೋಗುವ ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಹಸಿಹುಲ್ಲಿನ ಹೊರೆ, ಶಾಲೆಗೆ ಹೊರಟ ಇಬ್ಬರು ಮಕ್ಕಳು, ಆಸ್ಪತ್ರೆಗೆ ಹೊರಟ ಅಜ್ಜಿ, ಎಲ್ಲಕ್ಕೂ ಅದೇ ಹಿಂದಿನ ಸೀಟು. ಬಸ್ಸು ತಪ್ಪಿಸಿಕೊಂಡವನೊಬ್ಬ ಕೈ ಅಡ್ಡ ಹಾಕಿ ಹತ್ತಿಕೊಳ್ಳುತ್ತಾನೆ. ಇಳಿಯುವಾಗ ‘ಪೆಟ್ರೋಲಿಗೆ ಇಟ್ಕೊಳ್ಳಪ್ಪ’ ಎಂದು ಇಪ್ಪತ್ತು ರೂಪಾಯಿ ಜೇಬಿಗೆ ತುರುಕುತ್ತಾನೆ. ಅದನ್ನು ಬಾಡಿಗೆ ಎಂದು ಕರೆಯಲು ಊರಿನಲ್ಲಿ ಯಾರೂ ಹೋಗುವುದಿಲ್ಲ.

ಇಂಥ ಊರುಗಳ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುವಾಗ ಬೈಕನ್ನೂ ಒಯ್ಯುತ್ತಾರೆ. ಹಾಸನದ ಕೆಎ-13, ಮಂಡ್ಯದ ಕೆಎ-11, ತುಮಕೂರಿನ ಕೆಎ-06 ಹೀಗೆ ನಂಬರು ಪ್ಲೇಟಿನ ಮೇಲೇ ಊರಿನ ಗುರುತು ಇರುತ್ತದೆ. ಅಲ್ಲಿ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡರೆ ಅದೇ ಬೈಕು ಟ್ಯಾಕ್ಸಿಯಾಗುತ್ತದೆ. ಹಿಂದಿನ ಸೀಟಿನಲ್ಲಿ ಅಪರಿಚಿತನೊಬ್ಬ ಕೂರುತ್ತಾನೆ, ಇಳಿಯುವಾಗ ಹಣ ಕೊಡುತ್ತಾನೆ. ಊರಿನಲ್ಲಿ ಉಪಕಾರವಾಗಿದ್ದದ್ದು ನಗರದಲ್ಲಿ ಕಸುಬಾಯಿತು. 2025ರ ಜೂನ್ 16ರಂದು ಆ ಕಸುಬು ಕರ್ನಾಟಕದಾದ್ಯಂತ ಅಪರಾಧವೂ ಆಯಿತು.

ಅಂದಿನಿಂದ ನಡೆದದ್ದು ಬರೀ ಕೋರ್ಟು ಕಚೇರಿಯ ಕಥೆಯಲ್ಲ. ಒಬ್ಬರಿಗೊಬ್ಬರು ಗುರುತಿಲ್ಲದ, ಕೂಡಿ ನಿಲ್ಲಲು ಒಂದು ಮರದ ನೆರಳೂ ಇಲ್ಲದ ಜನ ತಾವೂ ಒಂದು ವರ್ಗವೆಂದು ಹೇಳಿಕೊಳ್ಳಲು ಕಲಿತ ಕಥೆ ಅದು.

ಸಂಘ ಕಟ್ಟುವುದಕ್ಕೆ ಮೊದಲು ಬೇಕಾದದ್ದು ಒಂದು ಜಾಗ. ಆಟೋ ಚಾಲಕರಿಗೆ ನಿಲ್ದಾಣವಿದೆ. ನಿಲ್ದಾಣದಲ್ಲಿ ಕನ್ನಡ ಬಾವುಟವಿದೆ, ಅನೇಕ ಕಡೆ ಶಂಕರ್‌ನಾಗ್ ಅವರ ಚಿತ್ರವಿದೆ, ನವೆಂಬರ್ ಬಂದರೆ ರಾಜ್ಯೋತ್ಸವವಿದೆ. 1980ರಲ್ಲಿ ತೆರೆಕಂಡ ‘ಆಟೋ ರಾಜ’ ಚಿತ್ರ ಈ ಕಸುಬಿಗೆ ತಂದುಕೊಟ್ಟ ಮರ್ಯಾದೆಯನ್ನು ಯಾವ ಸರ್ಕಾರಿ ಆದೇಶವೂ ತಂದುಕೊಡಲಾರದು. ಮೀಟರಿಗಿಂತ ಹೆಚ್ಚು ಕೇಳಿದನೆಂದು ಬೈದುಕೊಳ್ಳುವ ಪ್ರಯಾಣಿಕನೂ ಆಟೋದವನನ್ನು ನಾಡಿನ ಮನುಷ್ಯನೆಂದೇ ನೋಡುತ್ತಾನೆ. ಲಾರಿ, ಬಸ್ಸುಗಳ ಮಾಲೀಕರಿಗೆ ಒಕ್ಕೂಟಗಳಿವೆ. ಮುಷ್ಕರದ ಕರೆ ಕೊಟ್ಟರೆ ಮಂತ್ರಿಗಳು ಮಾತುಕತೆಗೆ ಕರೆಯುತ್ತಾರೆ. ಮೋಟಾರು ಸೈಕಲ್ ಸವಾರನಿಗೆ ಇವು ಯಾವುವೂ ಇರಲಿಲ್ಲ. ಬೈಕು ಅವನ ಸ್ವಂತದ್ದು, ದಾರಿ ಅವನದು, ಅವಸರವೂ ಅವನದೇ. ಸಂಖ್ಯೆಯಲ್ಲಿ ಎಲ್ಲರಿಗಿಂತ ಹೆಚ್ಚು, ಸಂಘಟನೆಯಲ್ಲಿ ಎಲ್ಲರಿಗಿಂತ ಹಿಂದೆ.

ಬೇರೆ ದೇಶಗಳಲ್ಲಿ ಸವಾರರು ಬಹಳ ಹಿಂದೆಯೇ ಒಂದುಗೂಡಿದ್ದರು. ಆದರೆ ಅವರ ತಕರಾರೇ ಬೇರೆ. ಅಮೆರಿಕದಲ್ಲಿ ಮೋಟಾರು ಸೈಕಲ್ ಸವಾರರ ರಾಷ್ಟ್ರೀಯ ಸಂಘ ಹುಟ್ಟಿದ್ದು 1924ರಲ್ಲಿ. 1947ರ ಜುಲೈ ತಿಂಗಳ ಸ್ವಾತಂತ್ರ್ಯ ದಿನದ ರಜೆಯಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಪುಟ್ಟ ಪಟ್ಟಣಕ್ಕೆ ನಿರೀಕ್ಷೆಗಿಂತ ಎಷ್ಟೋ ಹೆಚ್ಚು ಸವಾರರು ಬಂದಿಳಿದರು. ಕುಡಿತ, ಗಲಾಟೆ ಒಂದಿಷ್ಟು ನಡೆಯಿತು. ಅದು ಮರೆತು ಹೋಗುವ ಸುದ್ದಿ. ಆದರೆ ‘ಲೈಫ್’ ಪತ್ರಿಕೆಯಲ್ಲಿ ಒಂದು ಚಿತ್ರ ಬಂತು. ಬೀರು ಬಾಟಲಿಗಳ ರಾಶಿಯ ನಡುವೆ ಬೈಕಿನ ಮೇಲೆ ಓಲಾಡುತ್ತಿರುವ ದಢೂತಿ ಮನುಷ್ಯನ ಚಿತ್ರ. ಛಾಯಾಗ್ರಾಹಕರು ಬೇಕೆಂದೇ ಹಾಗೆ ಕೂರಿಸಿ ತೆಗೆದದ್ದು ಎಂಬ ವಾದ ಇಂದಿಗೂ ನಿಂತಿಲ್ಲ. 1953ರಲ್ಲಿ ಮರ್ಲಾನ್ ಬ್ರಾಂಡೊ ನಟಿಸಿದ ‘ದಿ ವೈಲ್ಡ್ ಒನ್’ ಆ ಚಿತ್ರಕ್ಕೆ ಜೀವ ತುಂಬಿತು. ಚರ್ಮದ ಕೋಟು ತೊಟ್ಟ ಬೈಕು ಸವಾರ ಎಂದರೆ ರೌಡಿ ಎಂಬ ಭಾವನೆ ಜಗತ್ತಿಗೆಲ್ಲ ಹರಡಿತು. ಸವಾರರಲ್ಲಿ ಶೇಕಡಾ 99 ಮಂದಿ ಸಭ್ಯರು, ತೊಂದರೆ ಕೊಡುವವರು ಶೇಕಡಾ 1 ಮಾತ್ರ ಎಂದು ಸಂಘವು ಸಮಜಾಯಿಷಿ ಕೊಟ್ಟಿತೆಂಬ ಪ್ರತೀತಿಯಿದೆ. ಅಂಥ ಹೇಳಿಕೆಯ ದಾಖಲೆ ತನ್ನಲ್ಲಿಲ್ಲ ಎಂದು ಸಂಘವೇ ಹೇಳುತ್ತದೆ. ಹೇಳಿದ್ದು ಯಾರೇ ಇರಲಿ, ಪುಂಡರ ಗುಂಪುಗಳು ಆ ‘ಶೇಕಡಾ 1’ ಅನ್ನೇ ಬಿರುದಾಗಿ ಕೋಟಿಗೆ ಹೊಲಿಸಿಕೊಂಡವು. ಮಾನ ಕಾಪಾಡಲು ಹೊರಟ ಮಾತೇ ಮಾನ ಕಳೆಯಲು ನೆರವಾಯಿತು!

1960ರ ದಶಕದ ಕೊನೆಗೆ ಅಮೆರಿಕದ ರಾಜ್ಯಗಳು ಹೆಲ್ಮೆಟ್ ಕಡ್ಡಾಯ ಮಾಡತೊಡಗಿದಾಗ ಸವಾರರು ಹೋರಾಟಕ್ಕಿಳಿದರು. ಬ್ರಿಟನ್ನಿನಲ್ಲಿ 1973ರಲ್ಲಿ ಇಂಥದೇ ಸಂಘಟನೆ ಹುಟ್ಟಿತು. ಅಲ್ಲಿನ ಫ್ರೆಡ್ ಹಿಲ್ ಎಂಬ ನಿವೃತ್ತ ಅಧ್ಯಾಪಕರು ಹೆಲ್ಮೆಟ್ ಹಾಕುವುದಿಲ್ಲ, ದಂಡವನ್ನೂ ಕಟ್ಟುವುದಿಲ್ಲ ಎಂದು ಮತ್ತೆ ಮತ್ತೆ ಜೈಲಿಗೆ ಹೋದರು, 1984ರಲ್ಲಿ ಜೈಲಿನಲ್ಲಿರುವಾಗಲೇ ತೀರಿಕೊಂಡರು. ಹೆಲ್ಮೆಟ್ ಜೀವ ಉಳಿಸುತ್ತದೆ ಎಂಬುದರಲ್ಲಿ ಇಂದು ಯಾವ ವೈದ್ಯರಿಗೂ ಅನುಮಾನವಿಲ್ಲ. ಆದ್ದರಿಂದ ಅವರ ಹಟವನ್ನು ಮೆಚ್ಚುವುದು ಕಷ್ಟ. ಅದೇನೇ ಇರಲಿ, ಅಲ್ಲಿ ಜಗಳ ನಡೆದದ್ದು ಸವಾರನ ತಲೆಯ ಮೇಲೆ ಏನಿರಬೇಕು ಎಂಬುದಕ್ಕೆ. ಕರ್ನಾಟಕದಲ್ಲಿ ಜಗಳ ನಡೆದದ್ದು ಅವನ ಬೆನ್ನ ಹಿಂದೆ ಯಾರು ಕೂರಬಹುದು ಎಂಬುದಕ್ಕೆ. ಅಲ್ಲಿಯದು ಹವ್ಯಾಸಿಯ ಸ್ವಾತಂತ್ರ್ಯ, ಇಲ್ಲಿಯದು ಹೊಟ್ಟೆಪಾಡು.

ಹವ್ಯಾಸಿಗಳು ನಮ್ಮಲ್ಲೂ ಇಲ್ಲವೆಂದಲ್ಲ. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನೂ ಆಮೇಲೆ ಯೆಜ್ಡಿಯನ್ನೂ ತಯಾರಿಸಿತು. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಿಸಿದರೆ ಗೇರಾಗುವ, ಎರಡು ಸೈಲೆನ್ಸರಿನಿಂದ ಊರಿಗೇ ಕೇಳುವಂತೆ ಸದ್ದು ಮಾಡುವ ಆ ಗಾಡಿಗಳು ಹಳೆಯ ಮೈಸೂರು ಸೀಮೆಯ ಮೇಷ್ಟ್ರು, ಪಟೇಲರು, ಪೊಲೀಸರ ವಾಹನಗಳಾಗಿದ್ದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರು ಕ್ಲಬ್ ಕಟ್ಟಿಕೊಂಡರು. ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಸೇರಿ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬ ಗುಟ್ಟು ಹಂಚಿಕೊಳ್ಳುತ್ತಾರೆ. ಇವರನ್ನು ಕಂಡರೆ ಜನ ನಿಂತು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಹಳೆಯ ಬೈಕಿಗೆ ಸಿಗುವ ಈ ಮರ್ಯಾದೆ ಹೊಸ ಬೈಕಿನಲ್ಲಿ ದುಡಿಯುವವನಿಗೆ ಸಿಗಲಿಲ್ಲ ಎಂಬುದೇ ವಿಪರ್ಯಾಸ.

ದುಡಿಯುವವನ ತೊಡಕು ಶುರುವಾಗುವುದು ಬೋರ್ಡಿನ ಬಣ್ಣದಲ್ಲಿ. ಸ್ವಂತ ಬಳಕೆಯ ವಾಹನಕ್ಕೆ ಬಿಳಿ ಬೋರ್ಡು, ಬಾಡಿಗೆಯ ವಾಹನಕ್ಕೆ ಹಳದಿ ಬೋರ್ಡು. ಹಳದಿ ಬೋರ್ಡೆಂದರೆ ಅದರ ಹಿಂದೆ ಪರ್ಮಿಟ್ಟು, ಎಫ್‌ಸಿ ಎಂದು ಎಲ್ಲರೂ ಕರೆಯುವ ಅರ್ಹತಾ ಪತ್ರ, ಬೇರೆ ದರದ ವಿಮೆ, ಬೇರೆ ತೆರಿಗೆ ಎಲ್ಲವೂ ಬರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 66ನೆಯ ಸೆಕ್ಷನ್ ಪ್ರಕಾರ ಪರ್ಮಿಟ್ ಇಲ್ಲದೆ ಯಾವ ವಾಹನವನ್ನೂ ಸಾರಿಗೆ ವಾಹನವಾಗಿ ಬಳಸುವಂತಿಲ್ಲ. ಸರಿ, ಹಾಗಾದರೆ ಬೈಕಿಗೂ ಪರ್ಮಿಟ್ ಕೊಡಿ ಎಂದರೆ ಕರ್ನಾಟಕದಲ್ಲಿ ಕೊಡುವವರಿರಲಿಲ್ಲ. ಕೇಂದ್ರ ಸರ್ಕಾರ 2004ರ ನವೆಂಬರ್ 5ರಂದು ಹೊರಡಿಸಿದ ಅಧಿಸೂಚನೆಯಲ್ಲಿ ಸಾರಿಗೆ ವಾಹನಗಳ ಪಟ್ಟಿಯಿದೆ. ಹಿಂಬದಿಯಲ್ಲಿ ಒಬ್ಬ ಪ್ರಯಾಣಿಕನನ್ನು ಬಾಡಿಗೆಗೆ ಒಯ್ಯುವ ಮೋಟಾರು ಸೈಕಲ್ಲು ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿದೆ. ಕಾಗದದ ಮೇಲೆ ಇಪ್ಪತ್ತು ವರ್ಷ ಹಿಂದೆಯೇ ಇದ್ದ ವಾಹನ ಆರ್‌ಟಿಒ ಕಚೇರಿಯ ಕಿಟಕಿಯಲ್ಲಿ ಮಾತ್ರ ಇರಲೇ ಇಲ್ಲ.

ಗಡಿಯಾಚೆ ಗೋವಾದಲ್ಲಿ ಇದು ವಿವಾದವೇ ಅಲ್ಲ. ಕಾರವಾರದವರಿಗೆ ಚೆನ್ನಾಗಿ ಗೊತ್ತು: ಅಲ್ಲಿ ಬಾಡಿಗೆಗೆ ಬೈಕು ಓಡಿಸುವವನು ‘ಪೈಲಟ್’. ಅವನ ಬೈಕಿಗೆ ಹಳದಿ-ಕಪ್ಪು ಬಣ್ಣ, ಅವನಿಗೊಂದು ಸ್ಟ್ಯಾಂಡು, ಸರ್ಕಾರದ ಮಾನ್ಯತೆ. ದಶಕಗಳಿಂದ ಹೀಗೇ ನಡೆದುಬಂದಿದೆ. ಥಾಯ್ಲೆಂಡಿನ ಬ್ಯಾಂಕಾಕಿನಲ್ಲಿ ಬೈಕು ಟ್ಯಾಕ್ಸಿಯವರು ಕಿತ್ತಳೆ ಬಣ್ಣದ ನಿಲುವಂಗಿ ತೊಟ್ಟು ಗಲ್ಲಿಯ ತುದಿಯಲ್ಲಿ ಸಾಲಾಗಿ ಕಾಯುತ್ತಾರೆ. ಎರಡು ಕಡೆಯೂ ಬಣ್ಣವೇ ಮರ್ಯಾದೆಯನ್ನು ತಂದುಕೊಟ್ಟಿದೆ. ಹತ್ತುವವನಿಗೆ ಇವನು ಯಾರೆಂದು ಗೊತ್ತು, ಪೊಲೀಸನಿಗೂ ಗೊತ್ತು. ಬೆಂಗಳೂರಿನ ಸವಾರನೋ ಮೊಬೈಲಿನೊಳಗೆ ಮಾತ್ರ ಟ್ಯಾಕ್ಸಿ. ರಸ್ತೆಯಲ್ಲಿ ಅವನೂ ನೂರಾರು ಬೈಕುಗಳ ನಡುವೆ ಒಂದು ಬೈಕು. ಕಂಪನಿ ಅವನನ್ನು ‘ಕ್ಯಾಪ್ಟನ್’ ಎನ್ನುತ್ತದೆ, ನೌಕರ ಎನ್ನುವುದಿಲ್ಲ.

2021ರ ಜುಲೈನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಬೈಕ್ ಟ್ಯಾಕ್ಸಿ ಯೋಜನೆಯನ್ನು ಪ್ರಕಟಿಸಿತು. ಬ್ಯಾಟರಿ ಬೈಕಿಗೆ ಮಾತ್ರ, 10 ಕಿಲೋಮೀಟರಿನೊಳಗೆ ಮಾತ್ರ ಎಂಬ ಕಟ್ಟಳೆಗಳಿದ್ದವು. ಪೆಟ್ರೋಲ್ ಬೈಕಿನವರು ಅದರ ಹೊರಗೇ ಉಳಿದರು. ಆದರೂ ಆ್ಯಪ್‌ಗಳ ಮೂಲಕ ಓಡಾಟ ನಡೆದೇ ಇತ್ತು. ಆಟೋ ಚಾಲಕರ ಸಿಟ್ಟು ಏರುತ್ತ ಹೋಯಿತು. 2023ರ ಮಾರ್ಚ್ 20ರಂದು ಬಿಳಿ ಬೋರ್ಡಿನ ಬೈಕುಗಳನ್ನು ನಿಲ್ಲಿಸಬೇಕೆಂದು ಅವರು ಬೆಂಗಳೂರಿನಲ್ಲಿ ಮುಷ್ಕರ ಹೂಡಿದರು. ಅದೇ ತಿಂಗಳು ಇಂದಿರಾನಗರದಲ್ಲಿ ಆಟೋದವನೊಬ್ಬ ಬೈಕು ಟ್ಯಾಕ್ಸಿ ಹುಡುಗನ ಹೆಲ್ಮೆಟ್ಟನ್ನು ನೆಲಕ್ಕೆ ಅಪ್ಪಳಿಸಿ ಒಡೆದ ದೃಶ್ಯ ಊರೆಲ್ಲ ಹರಿದಾಡಿತು. ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆ ಸಂಘಟನೆಗಳು ನಡೆಸಿದ ಬೆಂಗಳೂರು ಬಂದ್‌ನಲ್ಲೂ ಬೈಕು ಟ್ಯಾಕ್ಸಿ ನಿಷೇಧದ ಬೇಡಿಕೆ ಇತ್ತು. 2024ರ ಮಾರ್ಚ್‌ನಲ್ಲಿ ಸರ್ಕಾರ ವಿದ್ಯುತ್ ಬೈಕಿನ ಯೋಜನೆಯನ್ನೂ ಹಿಂದಕ್ಕೆ ಪಡೆಯಿತು.

ಆಟೋದವರ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಪರ್ಮಿಟ್ಟಿಗೆ ಹಣ ಸುರಿದು, ವರ್ಷವರ್ಷ ಎಫ್‌ಸಿಗೆ ಸಾಲಿನಲ್ಲಿ ನಿಂತು, ಸರ್ಕಾರ ಹೇಳಿದ ದರಕ್ಕೆ ಮೀಟರ್ ಹಾಕುವವನು ಅವನು. 2021ರ ಡಿಸೆಂಬರಿನಿಂದ 2025ರ ಜುಲೈವರೆಗೆ ಬೆಂಗಳೂರಿನಲ್ಲಿ ಆಟೋದ ಕನಿಷ್ಠ ದರ 30 ರೂಪಾಯಿಯಲ್ಲೇ ನಿಂತಿತ್ತು. ಆಮೇಲೆ 36 ಆಯಿತು. ಇವನ ಪಕ್ಕದಲ್ಲೇ ಯಾವ ಪರ್ಮಿಟ್ಟೂ ಇಲ್ಲದ ಬೈಕಿನವನು ಕಡಿಮೆ ದರಕ್ಕೆ ಗಿರಾಕಿಯನ್ನು ಎತ್ತಿಕೊಂಡು ಹೋದರೆ ಕರುಳು ಉರಿಯದೆ ಇರುತ್ತದೆಯೇ? ವಿಮೆಯ ಪ್ರಶ್ನೆಯೂ ಚಿಕ್ಕದಲ್ಲ. ಸ್ವಂತ ಬಳಕೆಗೆಂದು ಮಾಡಿಸಿದ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವಂತಿಲ್ಲ ಎಂಬ ಷರತ್ತು ಇರುತ್ತದೆ. ಅಪಘಾತವಾದರೆ ಹಿಂದೆ ಕೂತವನ ಪಾಡು ಏನು ಎಂಬುದಕ್ಕೆ ಸವಾರನ ಬಳಿಯೂ ಉತ್ತರವಿರಲಿಲ್ಲ. ಆದರೆ ಗಮನಿಸಬೇಕಾದ್ದೇನೆಂದರೆ, ಈ ಲೋಪಗಳೆಲ್ಲ ಪರ್ಮಿಟ್ ಕೊಡದೆ ಇದ್ದುದರಿಂದ ಹುಟ್ಟಿದವು. ಬಾಗಿಲು ಮುಚ್ಚಿಟ್ಟು, ಕಿಟಕಿಯಿಂದ ಬಂದೆಯೆಂದು ಗದರಿಸಿದಂತೆ.

2025ರ ಏಪ್ರಿಲ್ 2ರಂದು ಹೈಕೋರ್ಟಿನ ನ್ಯಾಯಮೂರ್ತಿ ಬಿ.ಎಂ. ಶ್ಯಾಮಪ್ರಸಾದ್ ಅವರು ತೀರ್ಪು ಕೊಟ್ಟರು: ಸರ್ಕಾರ ನಿಯಮ, ಮಾರ್ಗಸೂಚಿಗಳನ್ನು ರೂಪಿಸದ ಹೊರತು ಬೈಕು ಟ್ಯಾಕ್ಸಿ ಓಡುವಂತಿಲ್ಲ, ಆರು ವಾರದಲ್ಲಿ ನಿಲ್ಲಬೇಕು. ಗಡುವು ಜೂನ್ 15ರವರೆಗೆ ಮುಂದಕ್ಕೆ ಹೋಯಿತು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ತಡೆಯಾಜ್ಞೆ ಕೊಡಲಿಲ್ಲ. ಮರುದಿನದಿಂದಲೇ ಸಾರಿಗೆ ಇಲಾಖೆ ಬೈಕುಗಳನ್ನು ಹಿಡಿಯತೊಡಗಿತು. ಇಲ್ಲಿ ಒಂದು ತಮಾಷೆಯೂ ನಡೆಯಿತು. ಆ್ಯಪ್‌ಗಳಲ್ಲಿ ‘ಬೈಕು’ ಮಾಯವಾಗಿ ‘ಪಾರ್ಸೆಲ್’ ಕಾಣಿಸಿಕೊಂಡಿತು. ಪ್ರಯಾಣಿಕರು ತಮ್ಮನ್ನೇ ಪಾರ್ಸೆಲ್ ಎಂದು ಬುಕ್ ಮಾಡಿಕೊಂಡು ಕಚೇರಿಗೆ ಹೋದರು. ಬಿಳಿ ಬೋರ್ಡಿನ ಬೈಕಿನಲ್ಲಿ ಬಿರಿಯಾನಿ ಹೋಗಬಹುದಿತ್ತು, ಬಿರಿಯಾನಿ ತಿನ್ನುವವನು ಹೋಗುವಂತಿರಲಿಲ್ಲ.

ತಮಾಷೆಯ ಆಚೆಗೆ, ಸಂಪಾದನೆ ನಿಂತ ಮನೆಗಳಿದ್ದವು. ಬೈಕಿನ ಕಂತು ಕಟ್ಟಬೇಕು, ಕೋಣೆಯ ಬಾಡಿಗೆ ಕೊಡಬೇಕು, ಊರಿಗೆ ದುಡ್ಡು ಕಳಿಸಬೇಕು. ಈ ಹೊತ್ತಿಗೆ ‘ನಮ್ಮ ಬೈಕ್ ಟ್ಯಾಕ್ಸಿ ಅಸೋಸಿಯೇಷನ್’ ಎಂಬ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ಆ ‘ನಮ್ಮ’ ಎಂಬ ಮಾತು ಗಮನಾರ್ಹ. ನಮ್ಮ ಮೆಟ್ರೊ ಇರುವ ಊರಿನಲ್ಲಿ ತಾವೂ ಊರಿನವರೇ ಎಂದು ಹೇಳುವ ಆಸೆ ಅದರಲ್ಲಿದೆ. ತಮ್ಮಂಥವರು ಲಕ್ಷಕ್ಕೂ ಹೆಚ್ಚು ಮಂದಿ ಎಂಬುದು ಸಂಘದ ಲೆಕ್ಕ. ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ, ಕಾಂಗ್ರೆಸ್ ನಾಯಕ ರಾಹುಲ್ ಗಾಂಧಿಯವರಿಗೆ ಸವಾರರು ಪತ್ರ ಬರೆದರು. ಜೂನ್ 21ರಂದು ವಿಧಾನಸೌಧದ ಬಳಿ ನೆರೆದರು. ಆ್ಯಪಿನ ನಕ್ಷೆಯ ಮೇಲೆ ಚುಕ್ಕೆಗಳಾಗಿ ಚೆದುರಿದ್ದವರು ಒಂದೆಡೆ ನಿಂತು ಒಬ್ಬರ ಮುಖ ಒಬ್ಬರು ನೋಡಿದರು.

ಸಂಘದ ಕೆಲಸ ಎರಡು ದಿಕ್ಕಿನದಾಗಿತ್ತು. ಒಂದು, ಹೊಟ್ಟೆಪಾಡಿನ ಹಕ್ಕನ್ನು ಕೇಳುವುದು. ಇನ್ನೊಂದು, ಮೈಗೆ ಅಂಟಿದ ಹೆಸರನ್ನು ತೊಳೆದುಕೊಳ್ಳುವುದು. ಸರ್ಕಾರ ವಿದ್ಯುತ್ ಬೈಕಿನ ಯೋಜನೆಯನ್ನು ರದ್ದು ಮಾಡುವಾಗ ಕೊಟ್ಟ ಕಾರಣಗಳಲ್ಲಿ ಹೆಂಗಸರ ಸುರಕ್ಷತೆಯೂ ಒಂದು. ಕೆಲವು ಸವಾರರು ಹೆಂಗಸರೊಡನೆ ಅನುಚಿತವಾಗಿ ನಡೆದುಕೊಂಡ ದೂರುಗಳು ಬಂದದ್ದು ನಿಜ, ಅವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಬಸ್ಸಿನಲ್ಲಿ ಕಂಡಕ್ಟರನೊಬ್ಬ ತಪ್ಪು ಮಾಡಿದರೆ ಬಸ್ಸನ್ನೇ ನಿಲ್ಲಿಸುವುದಿಲ್ಲ. ಯಾಕೆಂದರೆ ಕಂಡಕ್ಟರನಿಗೆ ಬ್ಯಾಡ್ಜು ಇದೆ, ಇಲಾಖೆ ಇದೆ, ಅವನು ಯಾರೆಂದು ಗೊತ್ತಿದೆ. ಮೋಟಾರು ಸೈಕಲ್ಲಿನವನಿಗೆ ಅಂಥ ಗುರುತಿಲ್ಲ. ಜೊತೆಗೆ, ಸೈಲೆನ್ಸರ್ ಕಿತ್ತು ರಾತ್ರಿಯೆಲ್ಲ ಅಬ್ಬರಿಸುವ, ಹೆದ್ದಾರಿಯಲ್ಲಿ ಮುಂದಿನ ಚಕ್ರ ಎತ್ತಿ ವ್ಹೀಲಿ ಮಾಡುವ ಪುಂಡರ ಪಾಪವೂ ಅವನ ಲೆಕ್ಕಕ್ಕೇ ಬೀಳುತ್ತದೆ. ಹಾಲಿಸ್ಟರಿನ ಆ ಒಂದು ಚಿತ್ರ ಅಮೆರಿಕದ ಸವಾರರಿಗೆ ಮಾಡಿದ್ದನ್ನೇ ಇಲ್ಲಿ ಮೊಬೈಲಿನ ವಿಡಿಯೊಗಳು ಮಾಡಿದವು.

ಸರ್ಕಾರದ ನಿಲುವಿನಲ್ಲಿ ಒಂದು ವಿಚಿತ್ರವಿತ್ತು. ಅದೇ 2025ರ ಮೇ ಕೊನೆಯ ವಾರದಲ್ಲಿ ರಾಜ್ಯವು ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಸುಗ್ರೀವಾಜ್ಞೆ ಹೊರಡಿಸಿತು. ಆಗಸ್ಟಿನಲ್ಲಿ ಶಾಸನಸಭೆ ಮಸೂದೆಯನ್ನು ಅಂಗೀಕರಿಸಿತು. ಆ್ಯಪ್ ಮೂಲಕ ದುಡಿಯುವವರ ನೋಂದಣಿ, ಅವರಿಗೊಂದು ಮಂಡಳಿ, ಕಂಪನಿಗಳಿಂದ ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಎಲ್ಲವೂ ಅದರಲ್ಲಿವೆ. ದೇಶಕ್ಕೇ ಮಾದರಿ ಎನ್ನಬಹುದಾದ ಕಾನೂನು. ಆದರೆ ಮೂರು ವಾರದ ಅಂತರದಲ್ಲಿ ಅದೇ ಕಾರ್ಮಿಕರಲ್ಲಿ ಒಂದು ದೊಡ್ಡ ಪಾಲಿನವರ ಕೆಲಸವೇ ಕಾನೂನುಬಾಹಿರವಾಯಿತು. ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಜಗಲಿಯಿಂದ ಕೆಳಗಿಳಿಸಿದಂತೆ. ಕೇಂದ್ರ ಸರ್ಕಾರ ಜುಲೈ 1ರಂದು ಹೊಸ ಮಾರ್ಗಸೂಚಿ ಹೊರಡಿಸಿ, ರಾಜ್ಯಗಳು ಬಯಸಿದರೆ ಬಿಳಿ ಬೋರ್ಡಿನ ಬೈಕುಗಳಿಗೂ ಅವಕಾಶ ಕೊಡಬಹುದು ಎಂದಿತು. ‘ಬಯಸಿದರೆ’ ಎಂಬಲ್ಲಿಗೇ ಮಾತು ನಿಂತಿತು.

ಹೈಕೋರ್ಟಿನ ವಿಭಾಗೀಯ ಪೀಠದ ಮುಂದೆ ಕಂಪನಿಗಳು ಮಾತ್ರ ಇರಲಿಲ್ಲ. ಬೈಕುಗಳ ಮಾಲೀಕರೂ ಸವಾರರ ಸಂಘವೂ ಬಂದಿದ್ದರು. ಇದು ಸಣ್ಣ ಬದಲಾವಣೆಯಲ್ಲ. ಕಂಪನಿಯ ಪ್ರಶ್ನೆ ವ್ಯಾಪಾರದ್ದು: ತನಗೆ ಲೈಸೆನ್ಸ್ ಸಿಗುತ್ತದೆಯೇ ಇಲ್ಲವೇ ಎಂಬುದು. ಮಾಲೀಕನ ಪ್ರಶ್ನೆ ಬೇರೆ. ನನ್ನ ಬೈಕಿನಿಂದ ನಾನು ಬದುಕುವಂತಿಲ್ಲ ಎಂದು ಹೇಳಲು ಯಾವ ಕಾನೂನಿನ ಆಧಾರವಿದೆ ಎಂಬುದು. 2026ರ ಜನವರಿ 23ರಂದು ಮುಖ್ಯ ನ್ಯಾಯಮೂರ್ತಿ ವಿಭು ಬಖ್ರು ಮತ್ತು ನ್ಯಾಯಮೂರ್ತಿ ಸಿ.ಎಂ. ಜೋಶಿ ಅವರ ಪೀಠ ಏಕಸದಸ್ಯ ಪೀಠದ ತೀರ್ಪನ್ನು ರದ್ದುಪಡಿಸಿತು. ಮೋಟಾರು ಸೈಕಲ್ಲನ್ನೂ ಸಾರಿಗೆ ವಾಹನವಾಗಿ ಬಳಸಬಹುದು. ಮಾಲೀಕರು ಪರ್ಮಿಟ್ಟಿಗೆ ಅರ್ಜಿ ಹಾಕಿದರೆ, ಇದು ಮೋಟಾರು ಸೈಕಲ್ಲು ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ ಎಂದಿತು.

ಹಾಗೆಂದು ಬಿಳಿ ಬೋರ್ಡಿಗೆ ಪರವಾನಗಿ ಸಿಕ್ಕಿತು ಎಂದಲ್ಲ. ಸಿಕ್ಕಿದ್ದು ಅರ್ಜಿ ಹಾಕುವ ಹಕ್ಕು. ಪರ್ಮಿಟ್ಟಿನ ಹಿಂದೆಯೇ ಹಳದಿ ಬೋರ್ಡು, ಎಫ್‌ಸಿ, ಹೆಚ್ಚಿನ ವಿಮೆ ಬರುತ್ತವೆ. ಇಷ್ಟು ದಿನ ಆಟೋದವನು ಹೊತ್ತ ಹೊರೆಯನ್ನು ಇನ್ನು ಬೈಕಿನವನೂ ಹೊರಬೇಕು. ದಿನವಿಡೀ ಅದೇ ಕಸುಬು ಮಾಡುವವನಿಗೆ ಅದು ಕಟ್ಟಬಹುದಾದ ಬೆಲೆ. ಬೆಳಿಗ್ಗೆ ಕಾಲೇಜು, ಸಂಜೆ ನಾಲ್ಕು ಗಿರಾಕಿ ಎನ್ನುವ ಹುಡುಗನಿಗೆ ಯೋಚನೆಯ ಮಾತು. ಯಾಕೆಂದರೆ ಶನಿವಾರ ರಾತ್ರಿ ಅವನು ಊರಿಗೆ ಹೊರಡುವುದೂ ಇದೇ ಗಾಡಿಯಲ್ಲಿ. ಭಾನುವಾರ ಹಳ್ಳಿಮೈಸೂರಿನ ಸಂದಿಗಳಲ್ಲಿ ಹಾಲಿನ ಕ್ಯಾನಿಗೂ ಅಜ್ಜಿಗೂ ಇರುವುದು ಇದೊಂದೇ ಹಿಂದಿನ ಸೀಟು. ಅದರ ಬೋರ್ಡು ಹಳದಿಯಾದರೆ, ಮನೆಯ ಗಾಡಿ ಯಾಕೆ ಬಾಡಿಗೆ ಗಾಡಿಯಾಯಿತೆಂದು ಅಜ್ಜಿ ಕೇಳದೆ ಬಿಡುವುದಿಲ್ಲ.